ವಾರಿಜಾ ಟೀಚರ್ ಮುಷ್ಟಿ ಹಿಡಿದ ಮಳೆಗಾಲ

ಕಳೆದ ತಿಂಗಳು ಗೋಣಿಕೊಪ್ಪದಿಂದ ವಿರಾಜಪೇಟೆಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಮೈಯಿಂದ ಧನ್ವಂತರಂ ತೈಲದ ವಾಸನೆ ಬಂತು. ಮಳೆ ಹೊಡೆಯುತ್ತಿದ್ದುದರಿಂದ ಗಾಜುಗಳನ್ನೆಲ್ಲ ಎಳೆದಿದ್ದರು. ಒದ್ದೆ ಕೊಡೆ, ಡೀಸೆಲ್, ಯಾರದೋ ಚೀಲದ ಒಣಮೀನು, ಇಷ್ಟರ ನಡುವೆಯೂ ಆ ಎಣ್ಣೆ ಮಾತ್ರ ನೇರವಾಗಿ ಬಂದು ನನ್ನನ್ನು ಹಿಡಿದುಕೊಂಡಿತು. ಕಂಡಕ್ಟರ್ ಎದುರಿಗೆ ನಿಂತು "ಮೇಡಂ, ಪೇಟೆಗಾ, ಆಸ್ಪತ್ರೆ ಸ್ಟಾಪಿಗಾ?" ಎಂದು ಕೇಳಿದ. ನಾನು ಬಾಯಿ ಬಿಡುವ ಬದಲು ಎಡಗೈಯ ಹೆಬ್ಬೆರಳು ಎತ್ತಿಬಿಟ್ಟಿದ್ದೆ. ಅವನು ನನ್ನ ಬೆರಳನ್ನೂ ಮುಖವನ್ನೂ ಒಮ್ಮೆ ನೋಡಿ, "ಬಾಯಲ್ಲಿ ಹೇಳಿ ಮೇಡಂ, ರಶ್ ಉಂಟು" ಎಂದ. ಪೇಟೆಗೆ ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡೆ. ಶ್ರೀಮಂಗಲದ ಆ ಒಂದು ಮಳೆಗಾಲ ವಿರಾಜಪೇಟೆ ಬರುವವರೆಗೂ ನನ್ನ ಜೊತೆಯಲ್ಲೇ ಕೂತಿತ್ತು.

ನಾನು ಶನಿವಾರಸಂತೆ ಕಡೆಯವಳು. ಅಪ್ಪನದು ಅಲ್ಲಿ ಜವಳಿ ಅಂಗಡಿ. ಹುಟ್ಟಿದ್ದು ಕೊಡಗಿನಲ್ಲೇ ಆದರೂ ತೆಂಕಣ ಕೊಡಗು ನನಗೆ ಪರಸ್ಥಳವೇ. ಹೈಸ್ಕೂಲಿಗೆ ಕನ್ನಡ ಟೀಚರಾಗಿ ಶ್ರೀಮಂಗಲಕ್ಕೆ ಆರ್ಡರ್ ಬಂದಾಗ ಮನೆಯಲ್ಲಿ ಎಲ್ಲರೂ ಸಾಂತ್ವನ ಹೇಳುವವರಂತೆ ಮಾತಾಡಿದರು. ಅಲ್ಲಿ ಬಸ್ಸು ಇಳಿದು ಸ್ವಲ್ಪ ಹೊತ್ತು ನಿಂತರೆ ಸಾಕು, ಕೊಡವ ತಕ್ಕು, ಮಲಯಾಳ, ತುಳು, ತಮಿಳು, ಉರ್ದು ಎಲ್ಲ ಕಿವಿಗೆ ಬೀಳುತ್ತಿದ್ದವು. ನನ್ನ ಕನ್ನಡ ಕೇಳಿದ ಅಂಗಡಿಯವರು "ಹಾಸನದವ್ರಾ?" ಎನ್ನುತ್ತಿದ್ದರು. ಇಷ್ಟು ಭಾಷೆಗಳಿರುವ ಊರಿನಲ್ಲಿ ಇನ್ನೊಂದು ಭಾಷೆ ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ನನ್ನ ಮನೆ ಓನರ್ ವಾರಿಜಾ ಟೀಚರಿಗೆ ಮಾತ್ರ ಅನ್ನಿಸಿತ್ತು.

ವಾರಿಜಾ ಟೀಚರ್ ಅದೇ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಗಂಡ ದೇವಸ್ಥಾನದ ಅರ್ಚಕರಾಗಿದ್ದು ತೀರಿಕೊಂಡಿದ್ದರು. ದೇವಸ್ಥಾನದ ಮನೆಯನ್ನು ಬಿಟ್ಟುಕೊಟ್ಟ ಮೇಲೆ ಶಾಲೆಯ ಹಿಂದಿನ ದಿಬ್ಬದಲ್ಲಿ ತಾನೇ ಬಿಸಿಲಿಗೆ ನಿಂತು ಕಟ್ಟಿಸಿದ ಮನೆ ಅದು. ಎರಡು ರೂಮು ನನಗೆ ಬಾಡಿಗೆಗೆ, ಜಗಲಿ ಟ್ಯೂಷನ್ನಿನ ಮಕ್ಕಳಿಗೆ, ಉಳಿದದ್ದು ಅವರಿಗೆ. ಮಗ ಗಿರೀಶ ಮೈಸೂರಿನಲ್ಲಿ ಸರ್ಕಾರಿ ಆಫೀಸಿನಲ್ಲಿದ್ದ. ಮಗಳು ಸಂಧ್ಯಾಳ ಸಂಸಾರ ಕಣ್ಣೂರಿನಲ್ಲಿ. ಇಬ್ಬರೂ ಸರದಿಯಂತೆ ಬಂದು ಹೋಗುತ್ತಿದ್ದರು, ಬಂದಾಗಲೆಲ್ಲ ಅಮ್ಮನಿಂದ ಬೈಸಿಕೊಂಡು ಹೋಗುತ್ತಿದ್ದರು.

ಅವರ ಹೊಸ ಹುಚ್ಚಿನ ಹೆಸರು ಲೋಜ್ಬಾನ್. ಅದು ಯಾರ ಮನೆಮಾತೂ ಅಲ್ಲ, ತರ್ಕಕ್ಕೆ ಸರಿಹೊಂದುವ ಹಾಗೆ ಕೂತು ಕಟ್ಟಿದ ಭಾಷೆ. ಫೋನಿನಲ್ಲಿ ಏನೋ ಹುಡುಕಲು ಹೋಗಿ ಅದು ಕೈಗೆ ಸಿಕ್ಕಿತ್ತಂತೆ. ಮೇ ತಿಂಗಳ ಒಂದು ಸಂಜೆ ನಾನು ಮೊದಲ ಸಲ ಅವರ ಅಡುಗೆಮನೆಗೆ ಹೋದಾಗ "ಕಾಫಿಯಾ, ಟೀಯಾ?" ಎಂದು ಕೇಳಿದರು. ನಮ್ಮ ಕಡೆಯ ಮರ್ಯಾದೆಯಂತೆ "ಯಾವುದಾದ್ರೂ ಆಗುತ್ತೆ ಟೀಚರ್" ಎಂದು ತಲೆ ಆಡಿಸಿದೆ. ಅವರು ಸೌಟು ಕೆಳಗಿಟ್ಟರು.

"ನೋಡು ಶಶಿ, ಈ ತಲೆ ಆಡಿಸೋದು ನನ್ನತ್ರ ಬೇಡ. ಯಾವ ಕಡೆಗೆ ಆಡಿಸ್ತಿ ಅಂತ ನಿಂಗೇ ಗೊತ್ತಿಲ್ಲ. ಬಾ, ಕೂತ್ಕೋ."

ನಾನು ಕೂತೆ. ಅವತ್ತು ಶುರುವಾದ ಪಾಠ ಮಳೆ ಹಿಡಿಯುವವರೆಗೂ ನಡೆಯಿತು. ತರಕಾರಿ ಹೆಚ್ಚುತ್ತಾ ಹೇಳುತ್ತಿದ್ದರು: "ನಮ್ಮಲ್ಲಿ ಕಾಫಿಯಾ ಟೀಯಾ ಅಂದ್ರೆ ಎರಡ್ರಲ್ಲಿ ಒಂದು ಕುಡಿದೇ ತೀರ್ಬೇಕು ಅಂತ ಅರ್ಥ. ಬೇಡ ಅನ್ಲಿಕ್ಕೆ ಬಾಗಿಲೇ ಇಲ್ಲ. ಆ ಭಾಷೆಯಲ್ಲಿ ಹಾಗಲ್ಲ ಮಾರಾಯ್ತಿ. ಎರಡರ ನಡುವೆ ಒಂದು 'ಜಿ' ಇಡ್ತಾರೆ. ಜಿ ಅಂದ್ರೆ ಖಾಲಿ ಬಿಟ್ಟ ಜಾಗ. ತುಂಬೋದು ನಿನ್ನ ಕೆಲಸ. ಮೊದಲಿನದ್ದು ಮಾತ್ರ ಬೇಕು, ಎರಡನೆಯದ್ದು ಮಾತ್ರ ಬೇಕು, ಎರಡೂ ಬೇಕು, ಎರಡೂ ಬೇಡ. ನಾಲ್ಕಕ್ಕೂ ಒಂದೊಂದು ಪುಟ್ಟ ಮಾತುಂಟು."

"ಸುಮ್ನೆ 'ಅಥವಾ' ಅಂತ ಕೇಳಿದ್ರೆ?" ಎಂದೆ.

"ಕೇಳು. ಆದ್ರೆ ಅಲ್ಲಿಯವ್ರು 'ಹೌದು' ಅಂದು ಸುಮ್ನಾಗ್ತಾರೆ. ಎರಡ್ರಲ್ಲಿ ಒಂದು ಬೇಕಲ್ಲ, ಹೌದು. ಯಾವುದು ಅಂತ ನೀನು ತಲೆ ಕೆರ್ಕೊಳ್ಬೇಕು."

ಆ ಪುಟ್ಟ ಮಾತುಗಳು ನನ್ನ ಬಾಯಿಗೆ ಹತ್ತಲಿಲ್ಲ. ಎ, ಎನಾಯ್, ನಾ ಎ, ನಾ ಎನಾಯ್, ಹೀಗೆ ಒಂದೇ ಊಟವನ್ನು ನಾಲ್ಕು ತಟ್ಟೆಗೆ ಹಾಕಿದಂತೆ ಕೇಳಿಸುತ್ತಿದ್ದವು. ಕನ್ನಡ ಟೀಚರಿಗೆ ಇಷ್ಟೂ ಬರುವುದಿಲ್ಲವಲ್ಲ ಎಂದು ಅವರೇ ಸೋತು ಬೆರಳಿನ ದಾರಿ ಮಾಡಿಕೊಟ್ಟರು. ಮೊದಲಿನದಕ್ಕೆ ಹೆಬ್ಬೆರಳು, ಎರಡನೆಯದಕ್ಕೆ ಕಿರುಬೆರಳು, ಎರಡೂ ಬೇಕಿದ್ದರೆ ಎರಡೂ ಬೆರಳು, ಎರಡೂ ಬೇಡದಿದ್ದರೆ ಮುಷ್ಟಿ. ಸಂಜೆ ನಾನು ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ "ದೋ ಜಿಶಾ ಲೋ ಶ್ಕಾಫಿ ಜಿ ಲೋ ಚಾತಿ?" ಎಂಬ ಪ್ರಶ್ನೆ ಬರುತ್ತಿತ್ತು. ನಾನು ಬಾಗಿಲಲ್ಲೇ ಬೆರಳು ಎತ್ತಬೇಕಿತ್ತು. ಒಮ್ಮೆ ಟ್ಯೂಷನ್ನಿನ ಮಕ್ಕಳ ಎದುರಿಗೇ ಕಿರುಬೆರಳು ಎತ್ತಿದ್ದಕ್ಕೆ ಇಡೀ ಜಗಲಿ ನಕ್ಕಿತು. ಕ್ಲಾಸಿನಲ್ಲಿ ಕಿರುಬೆರಳು ಎತ್ತಿದರೆ ಒಂದಕ್ಕೆ ಹೋಗಬೇಕು ಎಂದಲ್ಲವೇ ಅರ್ಥ. ಟೀಚರೂ ನಕ್ಕರು.

ಇನ್ನೊಂದು ದಿನ ನಾನು ಮುಷ್ಟಿ ತೋರಿಸಿ, "ಸಾರಿ ಟೀಚರ್, ಇವತ್ತು ಎರಡೂ ಬೇಡ" ಎಂದೆ. ಅವರಿಗೆ ಅದು ಹಿಡಿಸಲಿಲ್ಲ. "ಸಾರಿ ಯಾಕೆ? ಮುಷ್ಟಿ ಬಂದ್ರೆ ಅದು ಉತ್ತರ ಕೊಟ್ಟವರ ತಪ್ಪಲ್ಲ. ಕೇಳಿದವರು ಎದುರಿಗಿಟ್ಟ ಎರಡು ವಸ್ತುಗಳೇ ಸರಿಯಿಲ್ಲ. ಬೇರೆ ಎರಡು ಇಟ್ಟು ಕೇಳ್ಬೇಕು" ಎಂದರು. ಆಗ ಅದು ನನಗೆ ಲೆಕ್ಕದ ಟೀಚರೊಬ್ಬರ ಹಟ ಎಂದಷ್ಟೇ ತೋರಿತ್ತು.

ಜೂನ್ ಮಧ್ಯಕ್ಕೆ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಗೋಡೆಯಾಚೆ ಸ್ಟೀಲಿನ ಪಾತ್ರೆ ಬಿದ್ದ ಸದ್ದಾಯಿತು. ಬಿದ್ದ ಪಾತ್ರೆಗೆ ಅವರು ಬೈಯುವ ಸದ್ದು ಬರಲಿಲ್ಲ. ಓಡಿಹೋಗಿ ನೋಡಿದರೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು, ಕಣ್ಣು ತೆರೆದೇ ಇತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಜೀಪು ತಂದರು. ಗೋಣಿಕೊಪ್ಪ, ಅಲ್ಲಿಂದ ಆಂಬುಲೆನ್ಸಿನಲ್ಲಿ ತಿತಿಮತಿ ದಾಟಿ ಮೈಸೂರು. ದಾರಿಯುದ್ದಕ್ಕೂ ಅವರ ಎಡಗೈ ನನ್ನ ಕೈ ಬಿಟ್ಟಿರಲಿಲ್ಲ. ಜೀವ ಉಳಿಯಿತು. ಬಲಭಾಗ ಹೋಯಿತು, ಮಾತು ಹೋಯಿತು.

ಕೆಲವು ವಾರಗಳ ನಂತರ ಮನೆಗೆ ಕರೆತಂದರು. ಮೈಸೂರಿನ ಡಾಕ್ಟರು ಎರಡು ವಿಷಯ ಹೇಳಿ ಕಳಿಸಿದ್ದರು. ಒಂದು, ಅವರಿಗೆ ಕೇಳಿಸುತ್ತದೆ, ಅರ್ಥವಾಗುತ್ತದೆ, ಹೇಳಲು, ಬರೆಯಲು ಮಾತ್ರ ಆಗುವುದಿಲ್ಲ. ಇನ್ನೊಂದು, ಕತ್ತಿನ ರಕ್ತನಾಳ ಕಟ್ಟಿಕೊಂಡಿದೆ, ಸ್ವಲ್ಪ ಶಕ್ತಿ ಬಂದ ಕೂಡಲೇ ಆಪರೇಷನ್ ಆಗಬೇಕು. ತಡವಾಗಿ ಇನ್ನೊಂದು ಸಲ ಲಕ್ವ ಹೊಡೆದರೆ ಉಳಿಯುವುದು ಕಷ್ಟ. ಆಪರೇಷನ್ನಿಗೂ ಅದರದ್ದೇ ಅಪಾಯವಿದೆ, ಆದ್ದರಿಂದ ಅವರನ್ನೇ ಕೇಳಿ, ಅವರು ಒಪ್ಪಲಿ ಎಂದಿದ್ದರು.

ಕೇಳುವುದು ಹೇಗೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆ ದಿನಗಳ ಮನೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊರಗೆ ಒಂದೇ ಸಮನೆ ಮಳೆ, ಒಳಗೆ ಅವರ ಕೈಕಾಲಿಗೆ ತಿಕ್ಕುವ ಧನ್ವಂತರಂ ತೈಲದ ವಾಸನೆ, ಹಂಡೆ ಒಲೆಯ ಹೊಗೆ, ಒಣಗದ ಬಟ್ಟೆ. ಹಿಂದಿನ ಎಸ್ಟೇಟಿನ ಕೂಲಿ ಲೈನಿನಿಂದ ಲೀಲಾ ಎಂಬ ಹೆಂಗಸು ಹಗಲು ನೋಡಿಕೊಳ್ಳಲು ಬರುತ್ತಿದ್ದಳು. ಅವಳ ಮನೆಮಾತು ಮಲಯಾಳ, ನಮ್ಮ ಹತ್ತಿರ ಬಾಯಿಗೆ ಬಂದಷ್ಟು ಕನ್ನಡ. ಗಿರೀಶ ರಜೆ ಹಾಕಿ ಬಂದಿದ್ದ. ಸಂಧ್ಯಾ ಬಂದು ಹೋಗಿ ಮಾಡುತ್ತಿದ್ದಳು. ಅಣ್ಣ ತಂಗಿ ಇಬ್ಬರೂ ಒಳ್ಳೆಯವರೇ, ಅಮ್ಮನ ಮೇಲೆ ಜೀವ ಇಟ್ಟವರೇ. ಜಗಳವಾದದ್ದೂ ಅದರಿಂದಲೇ.

ಗಿರೀಶನಿಗೆ ಮೈಸೂರು, ಮೊದಲು ನೋಡಿದ ಡಾಕ್ಟರೇ ಆಗಬೇಕು. ಸಂಧ್ಯಾಗೆ ಕಣ್ಣೂರು, ಅಲ್ಲಿ ಅವಳ ಪರಿಚಯದ ಡಾಕ್ಟರಿದ್ದಾರೆ, ಮಾಕುಟ್ಟದ ದಾರಿಯಲ್ಲಿ ಹೋದರೆ ಬೇಗ ಮುಟ್ಟಬಹುದು. ನಮ್ಮ ಕಡೆ ಯಾರಿಗೆ ದೊಡ್ಡ ಕಾಯಿಲೆ ಬಂದರೂ ಈ ಪ್ರಶ್ನೆ ಇದ್ದದ್ದೇ, ಘಟ್ಟ ಇಳಿಯುವುದೋ ಮೈಸೂರಿಗೆ ಹೋಗುವುದೋ. ಗಿರೀಶ ಮಂಚದ ಪಕ್ಕ ಕೂತು ಅಮ್ಮನ ಎಡಗೈ ಹಿಡಿದುಕೊಂಡು "ಅಮ್ಮ, ಕಣ್ಣೂರಾ, ಮೈಸೂರಾ?" ಎಂದು ಕೇಳಿದ. ಅಮ್ಮ ತಲೆ ಆಡಿಸಿದರು. ಮೈಸೂರು ಅಂದ್ರು ಎಂದು ಎದ್ದ. ಮಾರನೆಯ ದಿನ ಸಂಧ್ಯಾ ಬಂದು ತಾನೂ ಕೈ ಹಿಡಿದು "ಅಮ್ಮ, ಮೈಸೂರಾ, ಕಣ್ಣೂರಾ?" ಎಂದಳು. ಅಮ್ಮ ಹಾಗೆಯೇ ತಲೆ ಆಡಿಸಿದರು. ಕೊನೆಗೆ ಯಾವ ಊರಿನ ಹೆಸರು ಬಂತೋ ಅದಕ್ಕೇ ಒಪ್ಪಿದಂತೆ ಕಾಣುವ ತಲೆ ಅದು. ತಲೆ ಆಡಿಸುವುದನ್ನು ಕಂಡರಾಗದ ವಾರಿಜಾ ಟೀಚರಿಗೆ ದೇವರು ಅದೊಂದನ್ನೇ ಉಳಿಸಿದ್ದ.

"ಅಮ್ಮ ನನ್ನತ್ರ ಕಣ್ಣೂರು ಅಂದಿದ್ದಾಳೆ."

"ನನ್ನತ್ರ ಮೈಸೂರು ಅಂದಿದ್ದಾಳೆ. ನೀನು ಬಾಯಿಗೆ ತುರುಕಿ ಹೇಳ್ಸಿದ್ರೆ ಆಗ್ತದಾ?"

"ಯಾರು ತುರುಕಿದ್ದು ಅಣ್ಣ? ನೀನೇ ಅಲ್ವಾ?"

ಇಬ್ಬರೂ ತಂತಮ್ಮ ಊರಿನಲ್ಲಿ ಆಸ್ಪತ್ರೆಗೆ ಮಾತಾಡಿಟ್ಟರು. ದಿನಗಳು ಜಾರುತ್ತಿದ್ದವು. ಡಾಕ್ಟರು ಫೋನ್ ಮಾಡಿ ಏನು ತೀರ್ಮಾನ ಎಂದು ಕೇಳುತ್ತಿದ್ದರು. ರಾತ್ರಿ ನಾನು ಗೋಡೆಗೆ ಕಿವಿಕೊಟ್ಟು ಮಲಗುತ್ತಿದ್ದೆ. ಇನ್ನೊಂದು ಪಾತ್ರೆ ಬಿದ್ದರೆ ಎಂಬ ಹೆದರಿಕೆ ಬೆಳಗಾಗುವವರೆಗೂ ಬಿಡುತ್ತಿರಲಿಲ್ಲ.

ಮಂಚದ ಪಕ್ಕದಲ್ಲೇ ಫೋನುಗಳು ನಡೆಯುತ್ತಿದ್ದವು. "ಕೆಳಗಿನ ರೂಮಿನ ಬಾತ್‌ರೂಮಿಗೆ ಹಿಡಿ ಹಾಕ್ಸಿದ್ದೇನೆ, ಅಮ್ಮ ಇನ್ನು ಅಲ್ಲೇ" ಎಂದು ಗಿರೀಶ ಹೆಂಡತಿಗೆ ಹೇಳುತ್ತಿದ್ದ. ಸಂಧ್ಯಾಳೂ ಗಂಡನ ಹತ್ತಿರ ಕಿಟಕಿ ಕಡೆಯ ರೂಮು ಖಾಲಿ ಮಾಡಿಸುವ ಮಾತಾಡುತ್ತಿದ್ದಳು. ಒಂದು ಸಂಜೆ ಗಿರೀಶ ಜಗಲಿಗೆ ಬಂದು ದನಿ ತಗ್ಗಿಸಿ, "ಮೇಡಂ, ನೀವು ಬೇರೆ ಮನೆ ನೋಡ್ಕೊಂಡ್ರೆ ಒಳ್ಳೇದು. ಈ ಮನೆ ಇಟ್ಕೊಂಡು ಇನ್ನೇನು ಮಾಡೋದು" ಎಂದ. ದನಿ ತಗ್ಗಿಸಿದ್ದರೂ ಅಮ್ಮನ ರೂಮಿನ ಕಿಟಕಿ ತೆರೆದೇ ಇತ್ತು. ಆಗಲಿ ಎಂದೆ. ಬೇರೆ ಏನು ಹೇಳಲಿ, ನಾನು ಬಾಡಿಗೆಯವಳು.

ಮಳೆಗೆ ಸ್ಕೂಲಿಗೆ ರಜೆ ಕೊಟ್ಟ ಒಂದು ದಿನ ನಾನು ಹಗಲೂ ಮನೆಯಲ್ಲಿದ್ದೆ. ಲೀಲಾ ಟೀಚರನ್ನು ಎತ್ತಿ ಹಿಡಿದು ಬಾತ್‌ರೂಮಿನಿಂದ ವಾಪಸ್ ತರುತ್ತಿದ್ದಳು.

"ಎಂದಾ ಮಾಡೋದು ಟೀಚರೇ, ಅಮ್ಮಗೆ ಪುನಃ ಪುನಃ ಒಂದಕ್ಕೆ ಅಂತೆ. ಕಿರುಬೆರಳು ತೋರಿಸ್ತಾರೆ, ಕೊಂಡೋಗಿ ಕೂರಿಸಿದ್ರೆ ಒಂದೂ ಇಲ್ಲ. ಸಿಟ್ಟು ಬೇರೆ. ನಿನ್ನೆ ನನ್ನ ಕೈ ಚಿವುಟಿದ್ರು."

"ಯಾವಾಗ ತೋರಿಸ್ತಾರೆ?"

"ಯಾವಾಗ ಅಂತ ಇಲ್ಲ. ಕಾಪಿಯಾ ಟೀಯಾ ಕೇಳಿದ್ರೂ ತೋರಿಸ್ತಾರೆ, ಗಂಜಿಯಾ ದೋಸೆಯಾ ಕೇಳಿದ್ರೂ ತೋರಿಸ್ತಾರೆ."

ಮಂಚದ ಮೇಲೆ ಟೀಚರ್ ನನ್ನನ್ನೇ ನೋಡುತ್ತಿದ್ದರು. ಇಷ್ಟು ದಿನ ಆ ಹೆಂಗಸು ಉತ್ತರ ಕೊಡುತ್ತಲೇ ಇದ್ದರು, ನಾವು ಅವರನ್ನು ಎತ್ತಿಕೊಂಡು ಹೋಗಿ ಬಾತ್‌ರೂಮಿನಲ್ಲಿ ಕೂರಿಸುತ್ತಿದ್ದೆವು. ನಾನು ಹತ್ತಿರ ಕೂತು, ನೆನಪಿಗೆ ಬಂದಷ್ಟು ಸರಿಯಾಗಿ ಕೇಳಿದೆ: "ದೋ ಜಿಶಾ ಲೋ ಶ್ಕಾಫಿ ಜಿ ಲೋ ಚಾತಿ?"

ಅವರ ಎಡಗೈ ಹಾಸಿಗೆಯಿಂದ ಎದ್ದಿತು. ಬೆರಳುಗಳೆಲ್ಲ ಒಳಗೆ ಮಡಚಿ ಗಟ್ಟಿ ಮುಷ್ಟಿಯಾಯಿತು. ಕಣ್ಣಲ್ಲಿ ನೀರು ಬಂತು, ಅವರಿಗೂ ನನಗೂ. ಲೀಲಾ ಹೆದರಿ ಹೊಡೀತಾರಾ ಎಂದಳು. ಬೇರೆ ಎರಡು ಇಟ್ಟು ಕೇಳಬೇಕು ಎಂದಿದ್ದರಲ್ಲ. ಬಿಸಿನೀರು, ಜೀರಿಗೆ ಕಷಾಯ ಎಂದು ನಡುವೆ ಜಿ ಇಟ್ಟು ಕೇಳಿದೆ. ಕಿರುಬೆರಳು ಎದ್ದಿತು. ಅವತ್ತು ಒಂದು ಲೋಟ ಜೀರಿಗೆ ಕಷಾಯವನ್ನು ಅವರು ಒಂದು ಹನಿಯೂ ಚೆಲ್ಲದೆ ಕುಡಿದರು.

ಸಂಜೆ ಅಣ್ಣ ತಂಗಿಯನ್ನು ಕೂರಿಸಿ ಜಿ ಮತ್ತು ಬೆರಳುಗಳ ಲೆಕ್ಕ ಹೇಳಿದೆ. ಗಿರೀಶ ಪೂರ್ತಿ ಕೇಳಿಸಿಕೊಂಡು, "ಮೇಡಂ, ಇದು ಆಟ ಅಲ್ಲ. ಅಮ್ಮನ ಜೀವ. ಬೆರಳು ಯಾವುದೋ ಏಳ್ತದೆ, ನೀವು ಯಾವುದೋ ಅರ್ಥ ಹೇಳ್ತೀರಿ. ಈ ಮನೆ ಉಳಿದ್ರೆ ನಿಮ್ಗೂ ಅನುಕೂಲ" ಎಂದ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಮ್ಮ ಕಡೆಯ ಬಾಯಿ ಸುಮ್ಮನಿರುವುದಿಲ್ಲ.

"ಹಂಗಾದ್ರೆ ನನ್ನನ್ನ ಬಿಡಿ. ನಾನು ಗೋಡೆ ಕಡೆ ತಿರುಗಿ ನಿಂತ್ಕೋತೀನಿ. ನೀವೇ ಕೇಳಿ, ನಿಮಗೆ ಮಾತ್ರ ಉತ್ತರ ಗೊತ್ತಿರೋದನ್ನ ಕೇಳಿ. ಜಿ ಒಂದು ಹಾಕಿ ಸಾಕು, ಉಳಿದದ್ದು ಕನ್ನಡದಲ್ಲೇ ಕೇಳಿ."

ಸಂಧ್ಯಾ ಮುಂದೆ ಬಂದಳು. "ಅಮ್ಮ, ನಾನು ಹುಟ್ಟಿದ್ದು ಮಡಿಕೇರಿ ಜಿ ವಿರಾಜಪೇಟೆ?" ಗೋಡೆಯ ಕಡೆ ನಿಂತ ನನಗೆ ಮಳೆಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಮೇಲೆ ಅವಳು ಬಿಕ್ಕಿದ್ದು ಕೇಳಿಸಿತು. "ಮುಷ್ಟಿ. ನಾನು ಹುಟ್ಟಿದ್ದು ಪುತ್ತೂರಲ್ಲಿ, ಅಜ್ಜಿ ಮನೆಯಲ್ಲಿ." ಗಿರೀಶ ಎರಡು ಮೂರು ಪ್ರಶ್ನೆ ಕೇಳಿದ. ಅವನ ದನಿ ಒಂದೊಂದು ಪ್ರಶ್ನೆಗೂ ಇಳಿಯುತ್ತಾ ಹೋಯಿತು. ಕೊನೆಗೆ "ತಿರುಗಿ ಮೇಡಂ" ಎಂದ. ಎದ್ದು ಹೋಗಿ ಬಾಗಿಲು ಹಾಕಿ ಬಂದು ಮತ್ತೆ ಕೂತ.

ಇನ್ನು ಉಳಿದದ್ದು ಆ ಒಂದು ಪ್ರಶ್ನೆ. ಯಾರು ಕೇಳುವುದೆಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗಿರೀಶನೇ ಕೇಳಿದ. "ಅಮ್ಮ, ಮೈಸೂರು ಜಿ ಕಣ್ಣೂರು?"

ಟೀಚರ್ ಮಗನನ್ನು ನೋಡಿದರು, ಮಗಳನ್ನು ನೋಡಿದರು. ಕೈ ಮೇಲೆತ್ತಿದರು. ಮುಷ್ಟಿ.

ಆ ಮುಷ್ಟಿ ಕೆಳಗಿಳಿಯಲಿಲ್ಲ. ತೋಳು ನಡುಗುತ್ತಿದ್ದರೂ ಹಾಗೆಯೇ ಹಿಡಿದಿದ್ದರು. ಸಂಧ್ಯಾ ಸೀದಾ ಎದ್ದು ಅಡುಗೆಮನೆಗೆ ಹೋದಳು, ಅಳುವ ಸದ್ದು ಬಂತು. "ಅಮ್ಮನಿಗೆ ಆಪರೇಷನ್ನೇ ಬೇಡ. ಬದುಕೋದೇ ಬೇಡ ಅಂತ" ಎಂದಳು ಅಲ್ಲಿಂದಲೇ. ಗಿರೀಶ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಇದಕ್ಕಾ ಮೇಡಂ ನೀವು ನಮಗೆ ಕೇಳ್ಲಿಕ್ಕೆ ಕಲಿಸಿದ್ದು?" ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ತಲೆ ಆಡಿಸಿದ್ದನ್ನೇ ಒಪ್ಪಿಗೆ ಎಂದುಕೊಂಡು ಎಲ್ಲಿಗೋ ಒಂದು ಕಡೆ ಕರೆದುಕೊಂಡು ಹೋಗಿದ್ದರೆ ಜೀವವಾದರೂ ಉಳಿಯುತ್ತಿತ್ತೇನೋ. ಈಗ ಡಾಕ್ಟರು ಕೇಳಿದ್ದ ಒಪ್ಪಿಗೆಗೆ ಬದಲು ನಿರಾಕರಣೆ ನಮ್ಮ ಕೈಯಲ್ಲಿತ್ತು. ಅದನ್ನು ಹೊರತೆಗೆದವಳು ನಾನು. ಎದ್ದು ನನ್ನ ರೂಮಿಗೆ ಹೋಗಿಬಿಡೋಣ ಅನ್ನಿಸಿತು.

ಆದರೆ ಮುಷ್ಟಿ ಇನ್ನೂ ಎತ್ತಿಯೇ ಇತ್ತು. ಟೀಚರ್ ನನ್ನ ಕಡೆಗೇ ನೋಡುತ್ತಿದ್ದರು. ಪಾಠ ಹೇಳಿಕೊಟ್ಟ ಮೇಲೂ ಲೆಕ್ಕ ತಪ್ಪು ಮಾಡಿದ ಮಕ್ಕಳನ್ನು ನೋಡುತ್ತಿದ್ದರಲ್ಲ, ಅದೇ ನೋಟ. ಎದುರಿಗಿಟ್ಟ ಎರಡು ವಸ್ತುಗಳೇ ಸರಿಯಿಲ್ಲ. ಸರಿಯಾದ ಎರಡು ಯಾವುವು? ಬಾತ್‌ರೂಮಿನ ಹಿಡಿ, ಕಿಟಕಿ ಕಡೆಯ ರೂಮು, ಜಗಲಿಯಲ್ಲಿ ತಗ್ಗಿಸಿದ ದನಿ, ತೆರೆದ ಕಿಟಕಿ, ಇವೆಲ್ಲ ಅವರ ಕಿವಿಗೆ ಬಿದ್ದಿದ್ದವು. ಕೇಳದಿದ್ದರೂ ಕಷ್ಟ, ಕೇಳಿದರೂ ಕಷ್ಟ.

"ಟೀಚರ್, ಆಪರೇಷನ್ ಜಿ ಈ ಮನೆ?"

ಮುಷ್ಟಿ ಸಡಿಲವಾಯಿತು. ಹೆಬ್ಬೆರಳು ಮೇಲೆದ್ದಿತು. ಗಿರೀಶ ಅರ್ಧ ಎದ್ದ. ಹೆಬ್ಬೆರಳು ಇಳಿಯುವ ಮೊದಲೇ ಕಿರುಬೆರಳೂ ಎದ್ದಿತು. ಎರಡೂ ಬೆರಳು ಒಟ್ಟಿಗೆ ನಿಂತವು.

"ಎರಡೂ ಅಂದ್ರೆ ಹೇಗೆ? ಆಪರೇಷನ್ ಮನೇಲಿ ಮಾಡ್ಲಿಕ್ಕೆ ಆಗ್ತದಾ?" ಎಂದ ಗಿರೀಶ.

ಸಂಧ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ನಮ್ಮಿಬ್ಬರಿಗಿಂತ ಮೊದಲೇ ತಿಳಿಯಿತು. ಬಂದು ಅಮ್ಮನ ಕಾಲ ಹತ್ತಿರ ಕೂತಳು. "ಆಪರೇಷನ್ ಮಾಡ್ಸಿಕೊಂಡು ಇಲ್ಲಿಗೇ ವಾಪಸ್ ಬರ್ಬೇಕು. ಅಷ್ಟೇ ಅಲ್ವಾ ಅಮ್ಮ? ಕಣ್ಣೂರು ಅಂದ್ರೆ ಇನ್ನು ನನ್ನ ಮನೆಯಲ್ಲೇ ಇರೋದು, ಮೈಸೂರು ಅಂದ್ರೆ ಅಣ್ಣನ ಮನೆಯಲ್ಲೇ ಇರೋದು ಅಂತ ತಿಳ್ಕೊಂಡಿದ್ದೀ ನೀನು."

ಟೀಚರ್ ಕಣ್ಣು ಮುಚ್ಚಿಕೊಂಡರು. ಎರಡು ಬೆರಳನ್ನೂ ಇಳಿಸಲಿಲ್ಲ. ನಾವು ಆಸ್ಪತ್ರೆಯ ಹೆಸರು ಕೇಳುತ್ತಿದ್ದೆವು, ಅವರು ಉಳಿದ ಆಯುಷ್ಯಕ್ಕೆ ಉತ್ತರ ಕೊಡುತ್ತಿದ್ದರು. ತಂಗಿಯೂ ಅಣ್ಣನೂ ಇಷ್ಟು ದಿನ ಎಳೆದಾಡಿದ್ದು ಅಮ್ಮನ ಮೇಲಿನ ಪ್ರೀತಿಯಿಂದಲೇ ಎಂದು ಟೀಚರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಆ ಕೋಣೆಯಲ್ಲಿ ತಲೆ ಎತ್ತಿ ಕೂರುವುದು ಯಾರಿಗೂ ಆಗಲಿಲ್ಲ.

ಯಾವ ಊರು ಎನ್ನುವುದನ್ನು ಕೊನೆಗೆ ಮಳೆಯೇ ತೀರ್ಮಾನಿಸಿತು. ಮಾರನೆಯ ಬೆಳಿಗ್ಗೆ ಕಣ್ಣೂರಿಗೆ ಇಳಿಯುವ ಮಾಕುಟ್ಟದ ಘಟ್ಟದಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಎಂಬ ಸುದ್ದಿ ಬಂತು. ಸಂಧ್ಯಾಳೇ ಮೈಸೂರಿಗೆಂದು ಅಮ್ಮನ ಬಟ್ಟೆ ಜೋಡಿಸಿದಳು. ಆಂಬುಲೆನ್ಸಿಗೆ ಹತ್ತಿಸುವಾಗ ಗಿರೀಶ ಬಗ್ಗಿ ಹೇಳಿದ: "ವಾಪಸ್ ಕರ್ಕೊಂಡು ಬರ್ತೇನಮ್ಮ. ಸತ್ಯ." ಟೀಚರ್ ಅವನ ಮುಖವನ್ನು ನೋಡಿದರು. ನಂಬಿದಂತೆ ನನಗೆ ಕಾಣಲಿಲ್ಲ. ನಾನೂ ನಂಬಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು ಎಂದು ಫೋನ್ ಬಂತು. ಆಮೇಲೆ ಫೋನುಗಳು ಕಡಿಮೆಯಾದವು. ಮಳೆ ಇಳಿಯುತ್ತಾ ಬಂತು, ದಿಬ್ಬದ ಮೇಲೆ ಬಿಸಿಲು ಕಾಣಿಸಿತು, ತೋಟಗಳಲ್ಲಿ ಕಾಫಿ ಕಾಯಿ ಬಲಿಯತೊಡಗಿತು. ಟೀಚರ್ ಆಸ್ಪತ್ರೆಯಿಂದ ಗಿರೀಶನ ಮನೆಯ ಕೆಳಗಿನ ರೂಮಿಗೆ ಹೋಗಿದ್ದರು. ಡಾಕ್ಟರು ಹತ್ತಿರ ಇರುವುದೇ ಒಳ್ಳೆಯದು ಎಂದಿದ್ದಾರಂತೆ, ವ್ಯಾಯಾಮ ಮಾಡಿಸುವವರು ಮನೆಗೇ ಬರುತ್ತಾರಂತೆ. ಸಂಧ್ಯಾ ಫೋನಿನಲ್ಲಿ ಬೇಸರದಿಂದ, "ಅಣ್ಣ ಈಗ ಬೇಡ, ಮುಂದೆ ನೋಡುವ ಅಂತಾನೆ. ಅವನು ಹೇಳೋದೂ ಸುಳ್ಳಲ್ಲ ಶಶಿಕಲಾ. ಅಲ್ಲಿ ರಾತ್ರಿ ಏನಾದ್ರೂ ಆದ್ರೆ ನೀವೊಬ್ರೇ" ಎಂದಳು. ನಿಜವೇ. ಆದರೂ ನನಗೆ ಸಿಟ್ಟು ಬಂತು. ಬೇರೆ ಮನೆ ನೋಡಲು ಹೋಗಲಿಲ್ಲ. ದಿನಾ ಅವರ ರೂಮಿನ ಕಿಟಕಿ ತೆರೆದು ಮುಚ್ಚುತ್ತಿದ್ದೆ. ಲೀಲಾ ದಾರಿಯಲ್ಲಿ ಸಿಕ್ಕಾಗಲೆಲ್ಲ "ಅಮ್ಮ ಬರ್ತಾರಾ ಟೀಚರೇ?" ಎಂದು ಕೇಳುತ್ತಿದ್ದಳು. ಗೊತ್ತಿಲ್ಲ ಎನ್ನುತ್ತಿದ್ದೆ.

ಒಂದು ಶನಿವಾರ ಸ್ಕೂಲು ಬಿಟ್ಟು ಗೇಟು ದಾಟುವಾಗ ಗಿರೀಶನ ಫೋನ್ ಬಂತು.

"ಮೇಡಂ, ನಿಮ್ಮತ್ರ ಒಂದು ಕೇಳ್ಬೇಕು. ಅಮ್ಮ ಅಲ್ಲಿಗೆ ಬಂದ್ರೆ ನೀವು ಇರ್ತೀರಾ? ಟ್ರಾನ್ಸ್‌ಫರ್ ಆದ್ರೆ?"

"ಟ್ರಾನ್ಸ್‌ಫರ್ ನನ್ನ ಕೈಲಿಲ್ಲ. ಇರೋತನಕ ಇರ್ತೀನಿ. ಲೀಲಾನೂ ಬತ್ತಾಳೆ. ಆದ್ರೆ ನನ್ನನ್ನ ಯಾಕೆ ಕೇಳ್ತೀರಿ, ಅವರನ್ನ ಕೇಳಿ."

"ಕೇಳಿದೆ."

"ಹೆಂಗೆ ಕೇಳಿದ್ರಿ?"

ಅವನ ಹಿಂದೆ ಲಾರಿಯೊಂದು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. "ಮೊದ್ಲು ನನಗೆ ಬೇಕಾದ ಹಾಗೆ ಕೇಳ್ತಾ ಇದ್ದೆ. ಇಲ್ಲಿ ಬೆಚ್ಚಗಿಲ್ವಾ, ಅಲ್ಲಿ ಕಷ್ಟ ಆಗೂದಿಲ್ವಾ ಅಂತ. ಅಮ್ಮ ತಲೆ ಆಡಿಸ್ತಿದ್ಳು. ನಾನು ಸಮಾಧಾನ ಮಾಡ್ಕೊಳ್ತಿದ್ದೆ. ಇವತ್ತು ಬೆಳಿಗ್ಗೆ ಸರಿಯಾಗಿ ಕೇಳಿದೆ. ಮೈಸೂರು ಜಿ ಶ್ರೀಮಂಗಲ ಅಂತ."

"ಏನಂದ್ರು?"

"ಮೇಡಂ, ನಾವು ಈಗ ತಿತಿಮತಿ ದಾಟಿದ್ದೇವೆ. ಹಂಡೆಗೆ ಬೆಂಕಿ ಹಾಕಿಡಿ."

ನಾನು ದಿಬ್ಬವನ್ನು ಓಡಿಯೇ ಹತ್ತಿದೆ. ಲೀಲಾಗೆ ಕೂಗಿ ಹೇಳಿದೆ. ಸೌದೆ ಇನ್ನೂ ಹಸಿ, ಊದಿ ಊದಿ ಕಣ್ಣೆಲ್ಲ ಉರಿಯಿತು. ನೀರು ಕಾಯುವ ಹೊತ್ತಿಗೆ ಕಾರು ಬಂದು ನಿಂತಿತು. ಗಿರೀಶ ಒಂದು ಕಡೆ, ಲೀಲಾ ಇನ್ನೊಂದು ಕಡೆ ಹಿಡಿದು ಟೀಚರನ್ನು ಇಳಿಸಿದರು. ಒಂದೊಂದೇ ಹೆಜ್ಜೆ ಇಟ್ಟು ಜಗಲಿಯ ಕುರ್ಚಿ ತಲುಪಿ, ಕೂತು, ಕಂಬವನ್ನು ಎಡಗೈಯಲ್ಲಿ ಮುಟ್ಟಿ ನೋಡಿದರು.

ಗಿರೀಶ ಅವರ ಎದುರು ನೆಲದ ಮೇಲೆಯೇ ಕೂತ. ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದನೇನೋ, ತಡವರಿಸುತ್ತಾ ಕೇಳಿದ. "ದೋ ಜಿಶಾ ಲೋ ಶ್ಕಾಫಿ ಜಿ ಲೋ ಚಾತಿ?"

ಟೀಚರ್ ಹೆಬ್ಬೆರಳು ಎತ್ತಿದರು. ಮಗನ ಮುಖವನ್ನೊಮ್ಮೆ ನೋಡಿ ಕಿರುಬೆರಳನ್ನೂ ಎತ್ತಿದರು.

ನಾನು ಒಳಗೆ ಹೋಗಿ ಒಲೆಯ ಮೇಲೆ ಎರಡು ಪಾತ್ರೆ ಇಟ್ಟೆ. ಹಾಲು ಉಕ್ಕುವವರೆಗೂ ಅಲ್ಲೇ ನಿಂತು ಅತ್ತೆ.